ಪದ ಬೇಕು: ಬಾವೊಬಾಬ್‌ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನ ಹಳ್ಳಿ ಅಡುಗೆ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಪುಟ ಅಚ್ಚಿಗೆ ಹೋಗುತ್ತದೆ. ಬಾವೊಬಾಬ್ ಅನ್ನುವ ದಪ್ಪ ಕಾಂಡದ ಮರದ ಎಲೆಯನ್ನು ಒಣಗಿಸಿ ಕುಟ್ಟಿದ ಪುಡಿಗೆ ಅಲ್ಲಿ ಲಾಲೊ ಅನ್ನುತ್ತಾರೆ. ಅದನ್ನು ಸಜ್ಜೆಯ ಕೂಸ್‌ಕೂಸ್‌ಗೆ, ಅಂದರೆ ಹಿಟ್ಟನ್ನು ಸಣ್ಣ ಕಾಳು ಮಾಡಿ ಹಬೆಯಲ್ಲಿ ಬೇಯಿಸಿದ್ದಕ್ಕೆ, ಬೆರೆಸುತ್ತಾರೆ. ಹಣ್ಣಿನ ತಿರುಳನ್ನು ನೀರಲ್ಲಿ ಕದಡಿ, ಸಕ್ಕರೆ ಹಾಕಿ ಕುಡಿಯುತ್ತಾರೆ. ಮರಕ್ಕೆ ದೊಡ್ಡ ಹುಣಸೆ, ಆನೆಹುಣಸೆ, ಬ್ರಹ್ಮಾಮ್ಲಿಕಾ ಅಂತ ಮೂರು ಹೆಸರು ಸಿಕ್ಕಿವೆ. ಯಾವುದು ಹಾಕಲಿ?

ಹಾವೇರಿಯಿಂದ

ದೊಡ್ಡ ಹುಣಸೆ. ಇದರಲ್ಲಿ ಚರ್ಚೆ ಏನಿದೆ? ಸವಣೂರಿನಲ್ಲಿ ಇಂಥ ಮೂರು ಹಳೇ ಮರಗಳಿವೆ. ಅವು ಇರುವ ಮಠವನ್ನೇ ಜನ ದೊಡ್ಡಹುಣಸೆ ಮಠ ಅಂತಾರೆ. 2023ರ ಜುಲೈ ಮಳೆಗೆ ಒಂದು ಮರ ಬುಡಸಮೇತ ಉರುಳಿತು. ಅದನ್ನು ಎತ್ತಿ ಮತ್ತೆ ನೆಟ್ಟರು. ಅಷ್ಟು ಹಚ್ಚಿಕೊಂಡ ಮರಕ್ಕೆ ಜನ ಇಟ್ಟ ಹೆಸರು ಸಾಲದೇ?

ಬೆಂಗಳೂರಿನಿಂದ

ಸಾಲದು. ಅದು ಹುಣಸೆಯೇ ಅಲ್ಲ. ಹುಣಸೆ ಬೇಳೆಕಾಳಿನ ಬಳಗದ್ದು, ಇದು ಬೂರುಗದ ನಂಟ. ಎಲೆ ನೋಡಿ: ಒಂದೇ ತೊಟ್ಟಿನ ತುದಿಯಿಂದ ಐದರಿಂದ ಏಳು ಎಲೆಗಳು ಅಂಗೈ ಬೆರಳಿನ ಹಾಗೆ ಹರಡಿರುತ್ತವೆ. ಗಿಡಮರಗಳಿಗೆ ಲ್ಯಾಟಿನ್ ಹೆಸರಿಟ್ಟ ಲಿನೇಯಸ್ ಇದಕ್ಕೆ 'ಡಿಜಿಟಾಟಾ', ಅಂದರೆ ಬೆರಳುಳ್ಳದ್ದು, ಎಂದದ್ದು ಅದಕ್ಕೇ. ಉದ್ದ ತೊಟ್ಟಿಗೆ ಜೋತುಬೀಳುವ ಬಿಳಿ ಹೂವು ಸಂಜೆ ಅರಳುತ್ತದೆ, ಬಾವಲಿಗಳು ಬರುತ್ತವೆ. ಕಾಯಿಗೆ ಮಖಮಲ್ಲಿನಂಥ ಮೈ, ಗಟ್ಟಿ ಓಡು. ಒಳಗೆ ಒಣಗಿದ ಬಿಳಿ ತಿರುಳು, ನಡುನಡುವೆ ಕೆಂಪು ನಾರು. 'ದೊಡ್ಡ ಹುಣಸೆ ಎಲೆ ಪುಡಿ' ಅಂತ ಬರೆದರೆ ಓದುಗರು ಹುಣಸೆ ಚಿಗುರಿನ ಚಟ್ನಿಪುಡಿ ಅಂದ್ಕೋತಾರೆ. ಲಾಲೊ ಹುಳಿ ಅಲ್ಲ, ಲೋಳೆ. ಆನೆಬೂರುಗ ಅಂತ ಹೊಸದಾಗಿ ಕಟ್ಟಿ.

ಧಾರವಾಡದಿಂದ

ಆನೆಬೂರುಗ ಬೇಡ್ರಿ. ನಿಮ್ಮನ್ನು ಬಿಟ್ಟು ಯಾರಿಗೂ ತಿಳಿಯೋದಿಲ್ಲ. ಮೆಣಸಿನಕಾಯಿ ಯಾವ ಮೆಣಸಿನ ಬಳ್ಳಿಯದು? ಮೆಣಸಿನಷ್ಟೇ ಖಾರ ಅಂತ ಹೆಸರಾಯಿತು, ಅಷ್ಟೇ. ಅರಬರು ನಮ್ಮ ಹುಣಸೆಹಣ್ಣಿಗೆ 'ತಮರ್ ಹಿಂದಿ', ಅಂದರೆ ಹಿಂದೂಸ್ತಾನದ ಖರ್ಜೂರ ಅಂದರು. ಅದು ಖರ್ಜೂರವೇ? ಹೆಸರಿಡುವವರು ನಾಲಿಗೆ ನಂಬುತ್ತಾರೆ. ಈ ಮರಕ್ಕೆ ಮರಾಠಿಯ ಗೋರಖ್ ಚಿಂಚ್, ತಮಿಳಿನ ಆನೈಪುಳಿ ಎಲ್ಲವೂ ಹುಣಸೆಯ ಹೆಸರೇ. ಸೀಮೆಹುಣಸೆ ಮಾತ್ರ ಬೇರೆ ಮರ, ಅದನ್ನು ಇದರ ಜೊತೆ ಕಲಸಬೇಡಿ.

ಮೈಸೂರಿನಿಂದ

ಬ್ರಹ್ಮಾಮ್ಲಿಕಾ ಮೊದಲು ಹೊಡೆದುಹಾಕಿ. ಹುಣಸೆ ಇರುವಾಗ ಆಮ್ಲಿಕಾ ಯಾಕೆ? ಬಾವೊಬಾಬ್ ಕೂಡ ಬೇಡ. ಹೊರಗಿನ ಪದಕ್ಕೆ ಹೀಗೆ ಬಾಗಿಲು ತೆಗೆಯುತ್ತಾ ಹೋದರೆ ನಾಳೆ ಮಾವಿಗೂ ಮ್ಯಾಂಗೊ ಅಂತೀರಿ.

ಧಾರವಾಡದಿಂದ

ಅನಾನಸ್ ತಿನ್ನುವಾಗ ಈ ನಿಯಮ ಎಲ್ಲಿ ಹೋಗಿತ್ತು? ಬಾವೊಬಾಬ್ ಯುರೋಪಿಗೂ ಎರವಲು ಬಂದದ್ದು. ಕೈರೋದಲ್ಲಿ ಆ ಹಣ್ಣು ಕಂಡ ಇಟಲಿಯ ವೈದ್ಯ ಆಲ್ಪಿನಿ 1592ರಲ್ಲಿ 'ಬಾಹೊಬಾಬ್' ಅಂತ ಬರೆದ. ಅರಬ್ಬಿಯಲ್ಲಿ ಬೀಜ ತುಂಬಿದ್ದು ಅನ್ನುವ ಅರ್ಥ ಇರಬೇಕು. ಸೆನೆಗಲ್‌ನಲ್ಲಿ ಮರವನ್ನೇ ಓದಿದ ಫ್ರೆಂಚ್ ಸಸ್ಯವಿಜ್ಞಾನಿ ಆಡನ್ಸನ್ ಹೆಸರು ಮರದ ಕುಲಕ್ಕೆ ಹೋಯಿತು: ಆಡನ್ಸೋನಿಯಾ. ಸುಮ್ನೆ ಪದಗಳಿಗೆ ಪಾಸ್‌ಪೋರ್ಟ್ ಕೇಳಬೇಡಿ.

ಮೈಸೂರಿನಿಂದ

ಅನಾನಸ್‌ಗೆ ನಮ್ಮಲ್ಲಿ ಹೆಸರಿರಲಿಲ್ಲ. ಇದಕ್ಕೆ ಇದೆ. ಇರುವ ಹೆಸರನ್ನು ಬಿಡುವುದಕ್ಕೆ ಎರವಲು ಅನ್ನಲ್ಲ, ಮರೆವು ಅನ್ನುತ್ತಾರೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಮರಕ್ಕೆ ದೊಡ್ಡ ಹುಣಸೆ, ಮೊದಲ ಸಲ ಬಂದಲ್ಲಿ ಪಕ್ಕದಲ್ಲೇ ಬಾವೊಬಾಬ್. ಎಲೆ ಪುಡಿ ಲಾಲೊ ಅಂತಲೇ ಇರಲಿ, ಲೋಳೆ ಬರುತ್ತದೆ ಅನ್ನುವ ಮಾತನ್ನು ಸೇರಿಸಿದ್ದೇನೆ. ಈಗ ಇನ್ನೊಂದು ತೊಡಕು: ತೊಗಟೆಯ ನಾರು ಸುಲಿದು ಹಗ್ಗ ಹೊಸೆದ ಮೇಲೂ ಮರ ಸಾಯುವುದಿಲ್ಲ, ಹೊಸ ತೊಗಟೆ ಮೂಡುತ್ತದೆ. ಆ ಮೂಡುವುದಕ್ಕೆ ನಿಮ್ಮ ಕಡೆ ರೈತರು ಏನನ್ನುತ್ತಾರೆ? 'ಮೈಗೂಡುತ್ತದೆ' ಅಂದರೆ ನಡೆಯುತ್ತದಾ?