ಹಳೆಯ ಸಿಲ್ವರ್ ಕಾರಿಗೆ ಬಣ್ಣ ಹೊಂದಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ ಪ್ರಶ್ನೆ:

ನಮ್ಮದು 2006ರ ಆಲ್ಟೊ, ಸಿಲ್ವರ್ ಬಣ್ಣ, ಕೆಎಲ್ 14 ನಂಬರಿನ ಗಾಡಿ. ಅಪ್ಪ ತೆಗೆದದ್ದು, ಹಾಗಾಗಿ ಮಾರುವ ಯೋಚನೆ ಇಲ್ಲ. ಗೇಟಿನ ಹತ್ತಿರ ಮುರಕಲ್ಲಿನ ಗೋಡೆಗೆ ಉಜ್ಜಿ ಹಿಂದಿನ ಬಾಗಿಲಿನ ಕೆಳಗೆ ಒಂದು ಗೇಣು ಉದ್ದಕ್ಕೆ ಬಣ್ಣ ಹೋಗಿದೆ. ಒಂದು ಕಡೆ ತಗಡೇ ಕಾಣುತ್ತದೆ. ಹಾರ್ಡ್‌ವೇರ್ ಅಂಗಡಿಯ ಸಿಲ್ವರ್ ಸ್ಪ್ರೇ ಸಾಕಾ? ಮನೆಯಲ್ಲೇ ಮಾಡಬೇಕು ಅಂತ ಆಸೆ.

ಕುಂಬಳೆಯಿಂದ:

ಆ ಡಬ್ಬಿ ಬೇಡ ಮಾರಾಯ್ರೆ. ಅದು ಗೇಟಿಗೆ, ಗ್ರಿಲ್ಲಿಗೆ ಸರಿ. ಕಾರಿನ ಸಿಲ್ವರಿನಲ್ಲಿ ನೀಲಿ ಛಾಯೆಯದ್ದಿದೆ, ಹಳದಿ ಛಾಯೆಯದ್ದಿದೆ, ಕಣ ದಪ್ಪ ಇರುವುದೂ ಸಣ್ಣ ಇರುವುದೂ ಇದೆ. ಮೊದಲು ಗಾಡಿಯ ಕಲರ್ ಕೋಡ್ ಹುಡುಕಿ. ಬಾನೆಟ್ ಎತ್ತಿ ಇಂಜಿನ್ನಿನ ಹಿಂದಿನ ತಗಡಿನಲ್ಲಿರುವ ಪ್ಲೇಟ್ ನೋಡಿ. ಅಲ್ಲಿ ಇಲ್ಲದಿದ್ದರೆ ಬಾಗಿಲಿನ ಕಂಬ ನೋಡಿ. ಮಾರುತಿಯ ಸಿಲ್ಕಿ ಸಿಲ್ವರಿಗೆ ಝಡ್2ಎಸ್, ಸುಪೀರಿಯರ್ ವೈಟಿಗೆ 26ಯು ಅಂತ ಇರುತ್ತದೆ.

ಕೋಡ್ ಸಿಕ್ಕಿತು ಅಂತ ಕೆಲಸ ಮುಗಿಯಲಿಲ್ಲ. ಅದು ಹೇಳುವುದು ಫ್ಯಾಕ್ಟರಿಯಿಂದ ಹೊರಟಾಗಿನ ಬಣ್ಣ. ನೀವು ಹೊಂದಿಸಬೇಕಾದದ್ದು ಇವತ್ತು ಬಾಗಿಲಿನ ಮೇಲಿರುವ ಬಣ್ಣಕ್ಕೆ. ಪೆಟ್ರೋಲ್ ಮುಚ್ಚಳ ತೆರೆದು ಒಳಬದಿ ನೋಡಿ. ಬಿಸಿಲು ತಾಗದ ಹಳೆ ಬಣ್ಣ ಅಲ್ಲಿ ಹಾಗೇ ಉಳಿದಿರುತ್ತದೆ. ಹೊರಗಿನದ್ದಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ಮಾಸಿದೆ ಅಂತ ಲೆಕ್ಕ. ಬಾನೆಟ್, ಮೇಲಿನ ಟಾಪ್ ಜಾಸ್ತಿ ಮಾಸುತ್ತವೆ. ಬಾಗಿಲಿನ ಕೆಳಭಾಗ ಅಷ್ಟಿಲ್ಲ, ನಿಮಗೆ ಅದು ಒಳ್ಳೆಯದೇ ಆಯಿತು.

ಬಣ್ಣ ನೋಡುವ ಮೊದಲು ಬಾಗಿಲನ್ನು ತೊಳೆದು, ಗೀರಿನ ಸುತ್ತ ರಬ್ಬಿಂಗ್ ಕಂಪೌಂಡ್ (ಬಣ್ಣವನ್ನು ಉಜ್ಜಿ ಹೊಳಪಿಸುವ ಪೇಸ್ಟ್) ಹಾಕಿ ಉಜ್ಜಿ. ಮಾಸಲು ಪದರ ಹೋಗಿ ಅಸಲು ಬಣ್ಣ ಏಳುತ್ತದೆ. ಮೊದಲು ಹೊಂದಿಸಿ ಆಮೇಲೆ ಪಾಲಿಶ್ ಮಾಡಿದರೆ ತೇಪೆ ಎದ್ದು ಕಾಣುತ್ತದೆ. ಉಜ್ಜಲು ಬಿಳಿ ಬಟ್ಟೆ ತೆಗೆದುಕೊಳ್ಳಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವನ್ನು ಕಾಯುವ ಪಾರದರ್ಶಕ ಪದರ, ಇಲ್ಲ ಅಂತ ಅರ್ಥ. ಹಳೆಯ ಬಿಳಿ, ಕೆಂಪು ಗಾಡಿಗಳಲ್ಲಿ ಹೀಗಾಗುವುದುಂಟು. ಸಿಲ್ವರಿಗೆ ಕ್ಲಿಯರ್ ಇದ್ದೇ ಇರುತ್ತದೆ, ನೀವೂ ಕೊನೆಗೆ ಹೊಡೆಯಲೇಬೇಕು.

ಆಮೇಲೆ ಕೋಡ್ ಬರೆದುಕೊಂಡು, ಪೆಟ್ರೋಲ್ ಮುಚ್ಚಳವನ್ನೇ ಬಿಚ್ಚಿ ಕಾರಿನ ಪೈಂಟ್ ಬೆರೆಸುವ ಅಂಗಡಿಗೆ ಒಯ್ಯಿರಿ. ಕಾಸರಗೋಡಿನಲ್ಲಿ ಆಗದಿದ್ದರೆ ಮಂಗಳೂರಿಗೆ. ಕೋಡಿನ ಪ್ರಕಾರ ಬೆರೆಸಿ, ಮುಚ್ಚಳದ ಹೊರಬದಿಗೆ ಹಿಡಿದು ನೋಡಿ, ಬೇಕಾದರೆ ಒಂದೆರಡು ಹನಿ ಸೇರಿಸಿ ಸರಿ ಮಾಡಿಸಬೇಕು. ಸ್ಪ್ರೇ ಡಬ್ಬಿಗೆ ತುಂಬಿ ಕೊಡುವವರೂ ಇದ್ದಾರೆ, ಕೇಳಿ.

ಮನೆಗೆ ತಂದ ಕೂಡಲೇ ಬಾಗಿಲಿಗೆ ಹೊಡೆಯಬೇಡಿ. ಒಂದು ತಗಡಿನ ತುಂಡಿಗೆ ಪ್ರೈಮರ್ (ಬಣ್ಣದ ಅಡಿಯ ತಳಪದರ) ಹಚ್ಚಿ, ಬಣ್ಣ ಹೊಡೆದು, ಅರ್ಧಕ್ಕೆ ಮಾತ್ರ ಕ್ಲಿಯರ್ ಹೊಡೆಯಿರಿ. ಕ್ಲಿಯರ್ ಬಿದ್ದ ಅರ್ಧ ಎಷ್ಟು ಗಾಢವಾಯಿತು ಅಂತ ಅಲ್ಲೇ ಕಾಣುತ್ತದೆ. ಪೂರ್ತಿ ಒಣಗಿದ ಮೇಲೆ ಆ ತುಂಡನ್ನು ಬಾಗಿಲಿಗೆ ತಾಗಿಸಿ ಹಿಡಿದು, ಎದುರಿನಿಂದ ಒಮ್ಮೆ, ಪಕ್ಕದಿಂದ ಓರೆಯಾಗಿ ಒಮ್ಮೆ ನೋಡಿ. ಬಿಸಿಲಿನಲ್ಲೂ ನೋಡಿ, ನೆರಳಿನಲ್ಲೂ ನೋಡಿ. ಟ್ಯೂಬ್‌ಲೈಟಿನ ಕೆಳಗೆ ನೋಡಿದ್ದು ಲೆಕ್ಕಕ್ಕಿಲ್ಲ.

ಸಿಲ್ವರಿನಲ್ಲಿ ಅಲ್ಯೂಮಿನಿಯಂ ಕಣ ಇರುತ್ತದೆ. ಅದು ಮೀನಿನ ಚಿಪ್ಪಿನ ಹಾಗೆ ಮಲಗಿ ಕೂರಬೇಕು. ಹತ್ತಿರದಿಂದ ಒದ್ದೆಯಾಗಿ ಹೊಡೆದರೆ ಕಣ ಒಳಗೆ ಮುಳುಗಿ ಬಣ್ಣ ಕಪ್ಪಾಗುತ್ತದೆ. ದೂರದಿಂದ ಹೊಡೆದರೆ ಒಣಗುತ್ತಾ ಬಿದ್ದು ತಿಳಿಯಾಗುತ್ತದೆ. ಅಂದರೆ ಒಂದೇ ಡಬ್ಬಿಯಿಂದ ಎರಡು ಶೇಡ್ ಬರುತ್ತದೆ! 20ರಿಂದ 25 ಸೆಂಟಿಮೀಟರ್ ದೂರ ಇಟ್ಟು, ತೆಳ್ಳಗೆ, ಒಂದು ಪದರಕ್ಕೂ ಇನ್ನೊಂದಕ್ಕೂ 10 ನಿಮಿಷ ಬಿಟ್ಟು ಹೊಡೆಯಿರಿ. ಡಬ್ಬಿಯ ಗುಂಡು ಸದ್ದು ಮಾಡಲು ಶುರುವಾದ ಮೇಲೂ ಎರಡು ನಿಮಿಷ ಕುಲುಕಿ. ತುಂಡಿಗೆ ಹೊಡೆದ ಕೈಯ ವೇಗವೇ ಬಾಗಿಲಿಗೂ ಇರಲಿ.

ಮಂಜೇಶ್ವರದಿಂದ:

ಬಣ್ಣದ್ದು ಅವರು ಹೇಳಿದರು. ನಾನು ತಗಡು ಕಂಡ ಜಾಗದ ಬಗ್ಗೆ ಮಾತ್ರ ಹೇಳುತ್ತೇನೆ. ಕಡಲಿನ ಉಪ್ಪುಗಾಳಿಗೆ ನಮ್ಮ ಕಡೆ ತುಕ್ಕು ಬೇಗ ಹಿಡಿಯುತ್ತದೆ. ಬಣ್ಣ ಹುಡುಕುವಷ್ಟು ದಿನ ಅದನ್ನು ಹಾಗೇ ಬಿಡಬೇಡಿ, ಇವತ್ತೇ ಉಜ್ಜಿ ಪ್ರೈಮರ್ ಹಚ್ಚಿಡಿ. ತುಕ್ಕು ಇದ್ದರೆ 80 ನಂಬರಿನ ಉಪ್ಪುಕಾಗದದಲ್ಲಿ ಹೊಳೆಯುವ ತಗಡು ಬರುವವರೆಗೆ ಉಜ್ಜಿ, ಆಮೇಲೆ 320. ಅಂಚಿನ ಹಳೆ ಬಣ್ಣವನ್ನೂ ಇಳಿಜಾರಾಗಿ ಸವೆಸಿ, ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಪ್ರೈಮರ್ ಒಣಗಿದ ಮೇಲೆ 600ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ). ಬಾಗಿಲಿನ ಅಡಿಯಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ಮಣ್ಣು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ. ಅಲ್ಲಿ ನೀರು ನಿಂತರೆ ತುಕ್ಕು ಒಳಗಿನಿಂದಲೇ ಬರುತ್ತದೆ, ಹೊರಗೆ ಎಷ್ಟು ಬಣ್ಣ ಹೊಡೆದರೂ ನಿಲ್ಲುವುದಿಲ್ಲ.

ಪೆರ್ಲದಿಂದ:

ಮಳೆಗಾಲದಲ್ಲಿ ಸುಮ್ನೆ ಕೈ ಹಾಕಬೇಡಿ. ಥಿನ್ನರ್ ಆರುವಾಗ ಬಣ್ಣದ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಕ್ಲಿಯರ್ ಹಾಲಿನ ಹಾಗೆ ಬಿಳಿಚಿಕೊಳ್ಳುತ್ತದೆ. ಪ್ರೈಮರಿನ ಮೇಲೆ ಟೇಪ್ ಅಂಟಿಸಿ ಕಾಯಿರಿ, ಡಿಸೆಂಬರ್, ಜನವರಿ ಒಳ್ಳೆ ಸಮಯ. ಆಗಲೂ ಬಿಸಿಲಿಗೆ ಕಾದ ಬಾಗಿಲಿಗೆ ಹೊಡೆಯಬಾರದು. ಬೆಳಗಿನ ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ.

ಕಾಸರಗೋಡು ಪೇಟೆಯಿಂದ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಬಿಳಿ ಗಾಡಿಯಾದರೆ ಮನೆಯಲ್ಲೇ ಮಾಡಿ ಅನ್ನುತ್ತಿದ್ದೆ. ಸಿಲ್ವರಿನಲ್ಲಿ ತೇಪೆಯ ಅಂಚು ಅಡಗಿಸುವುದೇ ದೊಡ್ಡ ಕೆಲಸ. ಒಳ್ಳೆಯ ಪೈಂಟರ್ ಕೂಡ ಗೀರಿಗೆ ಮಾತ್ರ ಹೊಡೆಯುವುದಿಲ್ಲ. ಬಣ್ಣವನ್ನು ಸುತ್ತಲಿಗೆ ತೆಳುವಾಗಿ ಹರಡಿ, ಕ್ಲಿಯರನ್ನು ಇಡೀ ಬಾಗಿಲಿಗೆ ಹೊಡೆಯುತ್ತಾನೆ. ಮನೆಯಲ್ಲೇ ಮಾಡುವುದಾದರೆ ಗೀರಿನ ಅಂಚಿಗೇ ಟೇಪ್ ಅಂಟಿಸಬೇಡಿ, ಗೆರೆ ಉಳಿಯುತ್ತದೆ. ಬಾಗಿಲಿನ ಉದ್ದಕ್ಕೆ ಒಂದು ಬೀಡಿಂಗ್ ಪಟ್ಟಿಯೋ ಮಡಿಕೆಯೋ ಇದ್ದರೆ ಅದರ ಕೆಳಗಿನ ಭಾಗ ಪೂರ್ತಿ ಹೊಡೆಯಿರಿ, ಕಣ್ಣು ಅಲ್ಲಿಗೇ ನಿಲ್ಲುತ್ತದೆ.

ಹಾರ್ಡನರ್ (ಗಟ್ಟಿಯಾಗಿಸುವ ರಾಸಾಯನಿಕ) ಸೇರಿದ, 2ಕೆ ಅನ್ನುವ ಕ್ಲಿಯರ್ ಗಟ್ಟಿ, ಪೆಟ್ರೋಲ್ ಬಿದ್ದರೂ ಕರಗುವುದಿಲ್ಲ. ಆದರೆ ಅದರಲ್ಲಿ ಐಸೊಸಯನೇಟ್ ಇದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಏನೂ ತಡೆಯುವುದಿಲ್ಲ, ಪೈಂಟರಿಗೆ ಬೇಕಾದ ಫಿಲ್ಟರ್ ಮಾಸ್ಕ್ ಇಲ್ಲದಿದ್ದರೆ ಮುಟ್ಟಲೇಬೇಡಿ. ಮಕ್ಕಳಿರುವ ಮನೆಯ ಅಂಗಳದಲ್ಲಂತೂ ಬೇಡವೇ ಬೇಡ. ಸಾದಾ ಕ್ಲಿಯರ್ ಹೊಡೆದರೆ ಒಂದು ತಿಂಗಳು ವ್ಯಾಕ್ಸ್ ಹಾಕದೆ ಬಿಡಿ, ಆಮೇಲೆ 2000ದ ವಾಟರ್ ಪೇಪರ್ ಹಗುರವಾಗಿ ಆಡಿಸಿ ಪಾಲಿಶ್ ಮಾಡಿ. ಇನ್ನು ಆರ್‌ಸಿ ಬಗ್ಗೆ ಯೋಚನೆ ಬೇಡ. ಅದೇ ಬಣ್ಣಕ್ಕೆ ಟಚಪ್ ಮಾಡಿದರೆ ಆರ್‌ಟಿಒ ಕಚೇರಿಗೆ ಹೋಗಬೇಕಾಗಿಲ್ಲ, ಗಾಡಿಯ ಬಣ್ಣವನ್ನೇ ಬದಲಿಸಿದರೆ ಮಾತ್ರ ತಿದ್ದಿಸಬೇಕು.