ಚರ್ಪ್ ಬೀಕನ್ ಇರುವ ಜಿಯೊಕ್ಯಾಶ್: ಬೇರೆ ಜಿಪಿಎಸ್ ಸಾಧನ ಬೇಕೇ?

ಪ್ರಶ್ನೆ, ಹಿಲ್ಸ್‌ಬರೊ (ಆರಿಗನ್):
ಮಕ್ಕಳೊಂದಿಗೆ ಮೊಬೈಲ್ ಹಿಡಿದು ಜಿಯೊಕ್ಯಾಶ್ (ಜಿಪಿಎಸ್ ಸ್ಥಾನ ನೋಡಿ ಪತ್ತೆಹಚ್ಚಬೇಕಾದ, ಯಾರೋ ಅಡಗಿಸಿಟ್ಟ ಡಬ್ಬಿ) ಹುಡುಕುವುದು ನಮ್ಮ ಮನೆಯ ವಾರಾಂತ್ಯದ ಹವ್ಯಾಸ. ಹತ್ತಿರದ ಕಾಡಿನ ಒಂದು ಮಲ್ಟಿ-ಕ್ಯಾಶ್‌ಗೆ (ಹಲವು ಹಂತಗಳಲ್ಲಿ ಹುಡುಕಬೇಕಾದದ್ದು) ‘ವೈರ್‌ಲೆಸ್ ಬೀಕನ್’ ಎಂಬ ಗುರುತು ಇದೆ. ಎರಡನೆಯ ಹಂತದ ಅಕ್ಷಾಂಶ, ರೇಖಾಂಶಗಳನ್ನು ಗಾರ್ಮಿನ್ ಕಂಪನಿಯ ಚರ್ಪ್ ಎಂಬ ಬೀಕನ್ (ಸಂಕೇತ ಕಳುಹಿಸುವ ಪುಟ್ಟ ಸಾಧನ) ತಿಳಿಸುತ್ತದಂತೆ. ನನ್ನ ಫೋನಿಗೆ ಯಾವ ಸಂಕೇತವೂ ಸಿಗಲಿಲ್ಲ. ಆರಿಗನ್ 450 ಎಂಬ ಗಾರ್ಮಿನ್‌ನ ಹಳೆಯ ಜಿಪಿಎಸ್ ಸಾಧನ ಒಂದು ಮಾರಾಟಕ್ಕಿದೆ. ಕೊಳ್ಳಬಹುದೇ? ಮುಂದೆ ನಾವೇ ಇಂಥದ್ದೊಂದನ್ನು ಅಡಗಿಸಿಡುವ ಆಸೆಯೂ ಇದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ, ಸಿಯಾಟಲ್:
ನಿಮ್ಮ ಫೋನಿನಲ್ಲಿ ದೋಷವಿಲ್ಲ. ಚರ್ಪ್ ಮಾತನಾಡುವುದು ಬ್ಲೂಟೂತ್‌ನಲ್ಲಿ ಅಲ್ಲ, ಆ್ಯಂಟ್ ಪ್ಲಸ್ ಎಂಬ ಬೇರೊಂದು ವೈರ್‌ಲೆಸ್ ವಿಧಾನದಲ್ಲಿ. ಸ್ಯಾಮ್‌ಸಂಗ್, ಸೋನಿಯ ಕೆಲವು ಹಳೆಯ ಫೋನುಗಳಲ್ಲಿ ಆ ಸೌಲಭ್ಯ ಇತ್ತು, ಐಫೋನ್‌ನಲ್ಲಿ ಇಲ್ಲ. ಆರಿಗನ್ 450 ಧಾರಾಳವಾಗಿ ಕೊಳ್ಳಿ, ಆದರೆ ಅದು ಚರ್ಪ್‌ಗಿಂತ (ಅಕ್ಟೋಬರ್ 2010) ಮೊದಲೇ ಮಾರುಕಟ್ಟೆಗೆ ಬಂದದ್ದು. ಆದ್ದರಿಂದ ಮೊದಲು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಬಳಿಕ ಸೆಟ್ಟಿಂಗ್‌ಗಳ ಜಿಯೊಕ್ಯಾಶ್ ವಿಭಾಗದಲ್ಲಿ ಚರ್ಪ್ ಹುಡುಕಾಟವನ್ನು ಆನ್ ಮಾಡಿ. ಬೇರೆ ಮಾದರಿ ನೋಡುವುದಾದರೆ ಸಂಖ್ಯೆಯನ್ನು ಎರಡು ಸಲ ಓದಿ: ಇಟ್ರೆಕ್ಸ್ 30ಕ್ಕೆ ಚರ್ಪ್ ಸಿಗುತ್ತದೆ, ಇಟ್ರೆಕ್ಸ್ 20ಕ್ಕೆ ಸಿಗುವುದಿಲ್ಲ. ಡಕೋಟಾ 20ಕ್ಕೆ ಸಿಗುತ್ತದೆ, 10ಕ್ಕೆ ಇಲ್ಲ.

ಇನ್ನು ಕಾಡಿನ ವಿಷಯ. ಚರ್ಪ್‌ನ ವ್ಯಾಪ್ತಿ ಸುಮಾರು 10 ಮೀಟರ್. ನಮ್ಮ ಕಡೆಯ ಎತ್ತರದ ಫರ್ ಮರಗಳ ಕೆಳಗೆ ಜಿಪಿಎಸ್ ತೋರಿಸುವ ಜಾಗವೇ ಹೆಚ್ಚುಕಡಿಮೆ ಅಷ್ಟು ತಪ್ಪಬಹುದು. ಆದ್ದರಿಂದ ‘ಇಲ್ಲೇ’ ಎಂದು ಪರದೆ ತೋರಿಸಿದ ಬಿಂದುವಿನಲ್ಲಿ ನಿಂತು ಬೀಕನ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಆ ಬಿಂದುವಿನ ಸುತ್ತ ನಿಧಾನವಾಗಿ ನಡೆಯಿರಿ, ಅಲ್ಲಲ್ಲಿ ನಿಂತು ಕಾಯಿರಿ. ಮಳೆಯಲ್ಲಿ ನೆನೆದ ಎಲೆಗಳು, ದಪ್ಪ ಕಾಂಡ, ನಿಮ್ಮದೇ ದೇಹ, ಎಲ್ಲವೂ 2.4 ಗಿಗಾಹರ್ಟ್ಸ್ ಸಂಕೇತವನ್ನು ತಗ್ಗಿಸುತ್ತವೆ. ಸಾಧನವನ್ನು ಜೇಬಿನಲ್ಲಿಡದೆ ಎದೆಯ ಮಟ್ಟದಲ್ಲಿ ಮುಂದಕ್ಕೆ ಹಿಡಿಯಿರಿ. ಚರ್ಪ್ ದಿಕ್ಕು ತೋರಿಸುವುದಿಲ್ಲ. ಅದು ಕೊಡುವುದು ಸುಳಿವು ಅಥವಾ ಮುಂದಿನ ಹಂತದ ಸ್ಥಾನ ಮಾತ್ರ. ಆದರೆ ಪರದೆಯ ಮೇಲೆ ಆ ಸಂದೇಶ ಮೂಡಿದ ಕ್ಷಣ ಮಕ್ಕಳ ಮುಖ ನೋಡಬೇಕು! ಆ ಒಂದು ಕಾರಣಕ್ಕೇ ಈ ಖರ್ಚು ಸಾರ್ಥಕ ಎನ್ನುತ್ತೇನೆ.

ಉತ್ತರ, ಪೋರ್ಟ್‌ಲ್ಯಾಂಡ್:
ಅಡಗಿಸುವವರ ಕಡೆಯಿಂದ ನನ್ನದೊಂದು ಮಾತು. ಮದ್ದುಗುಂಡಿನ ಹಳೆಯ ಲೋಹದ ಪೆಟ್ಟಿಗೆ ಕ್ಯಾಶ್‌ಗೆ ಗಟ್ಟಿಮುಟ್ಟು ನಿಜ, ಆದರೆ ಅದರೊಳಗೆ ಚರ್ಪ್ ಇಟ್ಟರೆ ಸಂಕೇತ ಹೊರಗೆ ಬರುವುದಿಲ್ಲ. ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಯೇ ಸರಿ. ಅದನ್ನು ನೆಲದಿಂದ ತುಸು ಮೇಲೆ, ಕೊಂಬೆಯ ಕವಲಿನಲ್ಲಿ ಇಡಿ. ಸಿಆರ್ 2032 ಬಟನ್ ಸೆಲ್ ಒಂದು ವರ್ಷದ ಆಸುಪಾಸು ಬರುತ್ತದೆ. ಚಳಿಗೆ ಅದರ ಬಲ ಕುಗ್ಗುವುದರಿಂದ ಅಕ್ಟೋಬರ್‌ನಲ್ಲೇ ಬದಲಿಸುವ ರೂಢಿ ಒಳ್ಳೆಯದು. ಎಷ್ಟು ಸಂದರ್ಶಕರು ಬಂದರು ಎಂಬ ಲೆಕ್ಕವನ್ನೂ ಚರ್ಪ್ ಇಟ್ಟುಕೊಳ್ಳುತ್ತದೆ. ಸೆಲ್ ಬದಲಿಸಲು ಹೋದಾಗ ಮಕ್ಕಳಿಗೆ ತೋರಿಸಿ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬೇರೆ. ಚರ್ಪ್ ಸಂಕೇತ ಹಿಡಿಯುವ ಸಾಧನ ಇಲ್ಲದವರಿಗೂ ದಾರಿ ಇಡಿ. ಚರ್ಪ್ ಬಂದ ಹೊಸತರಲ್ಲೇ, ಒಂದೇ ಕಂಪನಿಯ ಸಾಧನ ಇದ್ದವರಿಗೆ ಮಾತ್ರ ಆಟ ತೆರೆಯುವುದು ಸರಿಯೇ ಎಂಬ ಆಕ್ಷೇಪ ಇತ್ತು. ಆ ಆಕ್ಷೇಪ ನ್ಯಾಯವಾದದ್ದು. 2000ದ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮರುದಿನವೇ ನಮ್ಮ ಊರಿನ ಪಕ್ಕದ ಬೀವರ್‌ಕ್ರೀಕ್‌ನಲ್ಲಿ ಡೇವ್ ಅಲ್ಮರ್ ಮೊದಲ ಜಿಯೊಕ್ಯಾಶ್ ಆಗಿ ಒಂದು ಬಕೆಟ್ ಹೂತಿಟ್ಟರು. ಎಲ್ಲರಿಗೂ ತೆರೆದದ್ದರಿಂದಲೇ ಹುಟ್ಟಿದ ಆಟ ಇದು. ಅದೇ ಹಂತದಲ್ಲಿ ಒಂದು ಒಗಟನ್ನೋ ಸ್ಥಾನ ಕೆತ್ತಿದ ಚಿಕ್ಕ ಫಲಕವನ್ನೋ ಇಟ್ಟರೆ ಸಾಕು. ಜಮೀನಿನ ಮಾಲೀಕರ ಅನುಮತಿಯನ್ನು ಮರೆಯಬೇಡಿ.

ಉತ್ತರ, ಬೆಂಗಳೂರು:
ರಜೆಗೆ ಊರಿಗೆ ಬರುವಾಗ ಈ ಸಾಮಾನನ್ನು ತರುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಇನ್‌ರೀಚ್‌ನಂಥ ಸಾಧನ ಅನುಮತಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ. ಅಂಥದ್ದು ಬ್ಯಾಗಿನಲ್ಲಿ ಸಿಕ್ಕಿದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲಿ ತಡೆದದ್ದುಂಟು. ಆರಿಗನ್ 450 ಸಂಕೇತ ಪಡೆಯುವುದಷ್ಟೇ ಹೊರತು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ. ಆದರೂ ತಪಾಸಣೆಯವರಿಗೆ ತೋರಿಸಲು ಅದರ ಕೈಪಿಡಿಯ ಪ್ರತಿ ಜೊತೆಯಲ್ಲಿರಲಿ.