ಸೋಲಾರ್ ಪ್ಯಾನೆಲ್ ಜೋಡಿಸಿದರೆ 40 ಮೀಟರ್‌ನಲ್ಲಿ ಗರಗರ, ಪಿಟಿಟಿ ಬಟನ್ ಒತ್ತಿ ಮಾತಾಡಿದರೆ ರೇಡಿಯೊ ಆಫ್

ಬಯಲುಸೀಮೆ ಹ್ಯಾಮ್:
ಎಲ್ಲರಿಗೂ ನಮಸ್ಕಾರ. ಊರಾಚೆ ಹೋಗಿ ಹ್ಯಾಮ್ (ಹವ್ಯಾಸಿ) ರೇಡಿಯೊ ಆಪರೇಟ್ ಮಾಡಲು ಒಂದು ಸೆಟ್ ಜೋಡಿಸಿದ್ದೇನೆ. ಐಕಾಮ್ ಐಸಿ-7300 ರೇಡಿಯೊ, 20 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 100 ವಾಟ್‌ನ ಮಡಚುವ ಪ್ಯಾನೆಲ್, ಅಗ್ಗದ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನಿಂದ ಬ್ಯಾಟರಿ ಚಾರ್ಜ್ ಮಾಡುವ ಸಾಧನ). ಆಂಟೆನಾ ಡೈಪೋಲ್ (ನಡುವಿನಿಂದ ಎರಡು ಕಡೆಗೆ ಚಾಚಿದ ತಂತಿ). ಬಿಸಿಲು ಏರಿದಂತೆ 7 ಮೆಗಾಹರ್ಟ್ಸ್ ಆಸುಪಾಸಿನ ಬ್ಯಾಂಡ್ ಆದ 40 ಮೀಟರ್‌ನಲ್ಲಿ ಗರಗರ ಶುರು, ಸಿಗ್ನಲ್ ಬಲ ತೋರಿಸುವ ಮೀಟರಿನಲ್ಲಿ ಎಸ್ 7ರ ತನಕ. ರೇಡಿಯೊ ಪರದೆಯ ಸ್ಕೋಪ್‌ನಲ್ಲಿ ಸಮ ಅಂತರದ ಗೆರೆಗಳು ಕಾಣುತ್ತವೆ. ಜೊತೆಗೆ 100 ವಾಟ್‌ನಲ್ಲಿ ಸ್ವಲ್ಪ ಜೋರಾಗಿ ಮಾತಾಡಿದರೆ ರೇಡಿಯೊ ಆಫ್ ಆಗಿಬಿಡುತ್ತದೆ. ಬ್ಯಾಟರಿಯಲ್ಲಿ ಅಳೆದರೆ 13.2 ವೋಲ್ಟ್ ಇದೆ! 40 ಎಎಚ್ ಬ್ಯಾಟರಿ ತಗೊಳ್ಳಲೇ?

ಹಳೇ ಕೀ:
ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ ಓಎಂ (ಹ್ಯಾಮ್‌ಗಳು ಗೆಳೆಯನನ್ನು ಕರೆಯುವ ರೀತಿ). ಇವು ಎರಡು ಬೇರೆ ಬೇರೆ ಕಾಯಿಲೆ. ಬ್ಯಾಟರಿಯಿಂದ ರೇಡಿಯೊಗೆ ಯಾವ ವೈರ್ ಎಳೆದಿದ್ದೀರಿ? ಎಷ್ಟು ಉದ್ದ?

ಬಯಲುಸೀಮೆ ಹ್ಯಾಮ್:
ಮನೆ ವೈರಿಂಗ್‌ನಲ್ಲಿ ಉಳಿದಿದ್ದ 1.5 ಸ್ಕ್ವೇರ್ ಎಂಎಂ. ಮೂರು ಮೀಟರ್ ಇರಬಹುದು. ರೇಡಿಯೊ ಜೊತೆ ಬಂದ ಕೇಬಲ್ ಮನೆಯ ಪವರ್ ಸಪ್ಲೈನಲ್ಲಿದೆ.

ಹಳೇ ಕೀ:
ಅಲ್ಲೇ ಇದೆ ನೋಡಿ. ಆ ವೈರ್ ಮೀಟರಿಗೆ ಸುಮಾರು 12 ಮಿಲಿಓಮ್. ಹೋಗಿ ಬರುವ ಆರು ಮೀಟರ್‌ಗೆ 72. ಪೂರ್ತಿ ಪವರ್‌ನಲ್ಲಿ ಈ ರೇಡಿಯೊ 21 ಆಂಪಿಯರ್ ತನಕ ಎಳೆಯುತ್ತದೆ. ಅಂದರೆ ವೈರ್‌ನಲ್ಲೇ ಒಂದೂವರೆ ವೋಲ್ಟ್ ಮಾಯ. ಲೋಡ್ ಬಿದ್ದಾಗ ಬ್ಯಾಟರಿ 12.8ಕ್ಕೆ ಇಳಿದರೂ ರೇಡಿಯೊಗೆ ಸಿಗೋದು 11.3. ಅದಕ್ಕೆ ಬೇಕಿರುವುದು 13.8, 15 ಪರ್ಸೆಂಟ್ ಆಚೀಚೆ. ಕೆಳಗಿನ ಮಿತಿ 11.7. ಮಾತಿನ ಏರುಪೇರಿನಲ್ಲಿ ಕರೆಂಟ್ ಏರಿದಾಗಲೇ ಇದು ಕೈಕೊಡುತ್ತದೆ. ಅದಕ್ಕೇ ಮೆಲ್ಲಗೆ ಮಾತಾಡಿದರೆ ಸರಿಯಿರುತ್ತದೆ.

ಆಂಟೆನಾ ಬದಲು ಡಮ್ಮಿ ಲೋಡ್ (ಪವರ್ ನುಂಗುವ ರೆಸಿಸ್ಟರ್) ಹಾಕಿ, ಸಿಡಬ್ಲ್ಯೂನಲ್ಲಿ (ಮೋರ್ಸ್ ಮೋಡ್) ಕೀ ಒತ್ತಿ ಹಿಡಿದು, ರೇಡಿಯೊದ ಹಿಂಭಾಗದ ಪ್ಲಗ್‌ನಲ್ಲೇ ವೋಲ್ಟೇಜ್ ಅಳೆಯಿರಿ. ಎಸ್‌ಎಸ್‌ಬಿ (ಧ್ವನಿ ಮೋಡ್) ಮಾತಿನ ವೇಗಕ್ಕೆ ಮಲ್ಟಿಮೀಟರ್ ಓಡುವುದಿಲ್ಲ. ಬ್ಯಾಟರಿಯ ಬಿಎಂಎಸ್ (ಒಳಗಿನ ರಕ್ಷಣಾ ಸರ್ಕ್ಯೂಟ್) ಎಷ್ಟು ಆಂಪಿಯರಿನದು ಅಂತಲೂ ಲೇಬಲ್ ನೋಡಿ. ಅದು 20 ಆಂಪಿಯರಿನದಾದರೆ 100 ವಾಟ್ ಆಸೆ ಬಿಟ್ಟು 50ಕ್ಕೆ ಇಳಿಸಿ. ಆಚೆ ಕಡೆಯವರಿಗೆ ಅರ್ಧ ಎಸ್ ಯೂನಿಟ್ ಕಡಿಮೆ, ಅಷ್ಟೇ.

ಮಡಿಕೇರಿ ಮೈಕ್:
ಗರಗರಕ್ಕೆ ಕಂಟ್ರೋಲರ್ ತೆಗೆದುಬಿಟ್ಟು ಪ್ಯಾನೆಲ್ ನೇರ ರೇಡಿಯೊಗೆ ಕೊಟ್ಟರೆ?

ಹಳೇ ಕೀ:
ಅಯ್ಯೋ, ಬೇಡಪ್ಪಾ! 12 ವೋಲ್ಟ್ ಪ್ಯಾನೆಲ್ ಅಂದರೂ ಲೋಡ್ ಇಲ್ಲದಾಗ 21-22 ವೋಲ್ಟ್ ಇರುತ್ತದೆ. ರೇಡಿಯೊ ತಡೆಯೋದು ಹದಿನಾರರ ಒಳಗೆ.

ಗರಗರ ಎಲ್ಲಿಂದ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ರೇಡಿಯೊ ಆನ್ ಇರುವಾಗಲೇ ಪ್ಯಾನೆಲ್ ಮೇಲೆ ದಪ್ಪ ಕಂಬಳಿ ಹೊದಿಸಿ. ಶಬ್ದ ನಿಂತರೆ ಕಂಟ್ರೋಲರ್‌ನದೇ ಕೆಲಸ. ಎಂಪಿಪಿಟಿ ಒಳಗೆ ಸ್ವಿಚಿಂಗ್ ಕನ್ವರ್ಟರ್ ಇದೆ. ಅದರ ಹಾರ್ಮೋನಿಕ್ಸೇ (ಸ್ವಿಚಿಂಗ್ ಆವರ್ತನದ ಗುಣಕಗಳು) ನಿಮಗೆ ಕಾಣುತ್ತಿರುವ ಗೆರೆಗಳು. ಪ್ಯಾನೆಲ್ ವೈರ್ ಅದಕ್ಕೆ ಆಂಟೆನಾ ಆಗುತ್ತದೆ, ನಿಮ್ಮ ಡೈಪೋಲ್ ಪಕ್ಕದಲ್ಲೇ!

31 ಮಿಕ್ಸ್ ಎಂಬ ಬಗೆಯ ಫೆರೈಟ್ ರಿಂಗ್ ತಗೊಂಡು ಪ್ಲಸ್, ಮೈನಸ್ ಎರಡನ್ನೂ ಒಟ್ಟಿಗೆ ಹತ್ತು ಸುತ್ತು ಸುತ್ತಿ. ಪ್ಯಾನೆಲ್ ಕಡೆಗೊಂದು, ಬ್ಯಾಟರಿ ಕಡೆಗೊಂದು, ಎರಡೂ ಕಂಟ್ರೋಲರ್‌ಗೆ ಅಂಟಿದಂತೆ. ಮಾನಿಟರ್ ಕೇಬಲ್‌ನ ಕ್ಲಿಪ್ ಮಣಿಯೊಳಗೆ ಒಂದೇ ಸಲ ವೈರ್ ತೂರಿಸಿದರೆ 7 ಮೆಗಾಹರ್ಟ್ಸ್‌ಗೆ ಸಾಲದು. ಸುತ್ತು ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಪ್ಯಾನೆಲ್ ವೈರ್ ಎರಡನ್ನೂ ಹೆಣೆದು ಆಂಟೆನಾದಿಂದ ದೂರ ಇಡಿ.

ಬಯಲುಸೀಮೆ ಹ್ಯಾಮ್:
ವೈರ್ ಬದಲಿಸಿದೆ. 4 ಸ್ಕ್ವೇರ್ ಎಂಎಂ, ಒಂದೂವರೆ ಮೀಟರ್. ಬಿಎಂಎಸ್ 30 ಆಂಪಿಯರಿನದು. ಈಗ ಪೂರ್ತಿ ಪವರ್‌ನಲ್ಲೂ ಆಫ್ ಆಗುತ್ತಿಲ್ಲ. ಕಂಬಳಿ ಹೊದಿಸಿದಾಗ ಗರಗರ ನಿಂತಿತು. ರಿಂಗ್ ಹಾಕಿದ ಮೇಲೆ ಎಸ್ 3ಕ್ಕೆ ಇಳಿದಿದೆ, ಆದರೂ ಕ್ಷೀಣ ಸ್ಟೇಷನ್‌ಗಳು ಮುಳುಗುತ್ತವೆ.

ಹಳೇ ಕೀ:
ಆಗ ಪ್ಯಾನೆಲ್ ಕಡೆಯ ತಂತಿಗೆ ಒಂದು ಸ್ವಿಚ್ ಹಾಕಿ. ಕೇಳುವಾಗ ಆಫ್, ಟೀ ಕುಡಿಯುವಾಗ ಆನ್. ಬರೀ ಕೇಳುವುದಕ್ಕೆ ಈ ರೇಡಿಯೊಗೆ ಒಂದು ಆಂಪಿಯರ್ ಸಾಕು, ಬ್ಯಾಟರಿ ಆರಾಮಾಗಿ ನಡೆಸುತ್ತದೆ. ಬಿಚ್ಚುವಾಗ ಯಾವತ್ತೂ ಪ್ಯಾನೆಲ್ ಮೊದಲು, ಬ್ಯಾಟರಿ ಆಮೇಲೆ. ಜೋಡಿಸುವಾಗ ಉಲ್ಟಾ. ಅಂದಹಾಗೆ ಕಂಟ್ರೋಲರ್ ಲಿಥಿಯಂ ಸೆಟ್ಟಿಂಗ್‌ನಲ್ಲೇ ಇದೆಯಾ? ಈ ಬ್ಯಾಟರಿಗೆ 14.6 ವೋಲ್ಟ್ ಮೀರಬಾರದು. ಲೆಡ್ ಆಸಿಡ್‌ನ ಈಕ್ವಲೈಸ್ (ಹೆಚ್ಚು ವೋಲ್ಟೇಜಿನ ಚಾರ್ಜ್) ಅದನ್ನು ದಾಟಬಹುದು. 73 (ಹ್ಯಾಮ್‌ಗಳ ಶುಭಾಶಯ).